ಐದು ಗಂಟೆಯ ಸೈರನ್: ವಾರ್ಸಾ ದಂಗೆಯ ಜಗಳ ಇನ್ನೂ ಯಾಕೆ ಮುಗಿದಿಲ್ಲ?

ಪ್ರತಿ ವರ್ಷ ಆಗಸ್ಟ್ 1ರ ಸಂಜೆ 5 ಗಂಟೆಗೆ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಸೈರನ್ ಕೂಗುತ್ತದೆ. ಬಸ್ಸು, ಟ್ರಾಮು, ಕಾರು ಎಲ್ಲ ನಿಲ್ಲುತ್ತವೆ. ನಡೆದು ಹೋಗುತ್ತಿದ್ದವರೂ ಒಂದು ನಿಮಿಷ ಅಲ್ಲಾಡದೆ ನಿಲ್ಲುತ್ತಾರೆ. ಆಮೇಲೆ ಊರು ಮತ್ತೆ ಹೊರಡುತ್ತದೆ. ಅದರ ಜೊತೆ ಹಳೆಯ ಜಗಳವೂ ಹೊರಡುತ್ತದೆ. 1944ರಲ್ಲಿ ಜರ್ಮನರ ವಿರುದ್ಧ ದಂಗೆ ಏಳಬೇಕಿತ್ತಾ, ಬೇಡವಿತ್ತಾ?

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1772, 1793, 1795ರಲ್ಲಿ ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಸೇರಿ ಪೋಲೆಂಡನ್ನು ಕಂತು ಕಂತಾಗಿ ಹಂಚಿಕೊಂಡವು. 123 ವರ್ಷ ಆ ದೇಶ ಭೂಪಟದಲ್ಲೇ ಇರಲಿಲ್ಲ. 1794, 1830, 1863ರಲ್ಲಿ ಜನ ದಂಗೆ ಎದ್ದರು, ಮೂರು ಸಲವೂ ಸೋತರು. 1918ರಲ್ಲಿ ಸ್ವಾತಂತ್ರ್ಯ ಸಿಕ್ಕಿತು. ಅದು ಉಳಿದದ್ದು 21 ವರ್ಷ ಮಾತ್ರ. 1939ರ ಸೆಪ್ಟೆಂಬರ್ 1ಕ್ಕೆ ಪಶ್ಚಿಮದಿಂದ ಜರ್ಮನಿ ನುಗ್ಗಿತು, 17ಕ್ಕೆ ಪೂರ್ವದಿಂದ ಸೋವಿಯತ್ ಸೇನೆ ಬಂತು.

ಪೂರ್ವ ಭಾಗದ ಲಕ್ಷಾಂತರ ಜನರನ್ನು ಸೈಬೀರಿಯಾ, ಕಜಕಸ್ತಾನದ ಕಡೆಗೆ ಸಾಗಿಸಲಾಯಿತು. ಅಲ್ಲಿಂದ ಬದುಕಿ ಹೊರಬಂದವರಲ್ಲಿ ಕೆಲವರು ನಮ್ಮ ಬೆಳಗಾವಿಗೆ ದೂರವೇನಲ್ಲದ ಕೊಲ್ಹಾಪುರದವರೆಗೂ ಬಂದರು. ಕೊಲ್ಹಾಪುರದ ಪಕ್ಕದ ವಳಿವಡೆಯ ಶಿಬಿರದಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ಜನ, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, ಆಸರೆ ಪಡೆದಿದ್ದರು.

ಈಗ 1944ರ ಜುಲೈಗೆ ಬರೋಣ. ಆಗ ವಾರ್ಸಾ ಐದು ವರ್ಷದಿಂದ ಜರ್ಮನ್ ಹಿಡಿತದಲ್ಲಿತ್ತು. ಹಿಂದಿನ ವರ್ಷವಷ್ಟೇ, 1943ರ ಏಪ್ರಿಲ್‌ನಲ್ಲಿ, ಘೆಟ್ಟೋದಲ್ಲಿ ಕೂಡಿಹಾಕಿದ್ದ ಯಹೂದಿಗಳು ದಂಗೆ ಎದ್ದಿದ್ದರು. ಅವರನ್ನು ಕೊಂದು ಆ ಬಡಾವಣೆಯನ್ನೇ ನೆಲಸಮ ಮಾಡಲಾಗಿತ್ತು. (ಹೊರಗಿನವರು ಈ ಎರಡು ದಂಗೆಗಳನ್ನು ಆಗಾಗ ಒಂದೇ ಎಂದುಕೊಳ್ಳುತ್ತಾರೆ. ಬೇರೆ ಬೇರೆ.) ಈಗ ಸೋವಿಯತ್ ಸೇನೆ ವಿಸ್ತುಲಾ ನದಿಯ ಕಡೆಗೆ ಬರುತ್ತಿತ್ತು. ಭೂಗತ ಸೇನೆಯಾದ ‘ಆರ್ಮಿಯಾ ಕ್ರಾಯೋವಾ’ಗೆ ಇಕ್ಕಟ್ಟು. ಸುಮ್ಮನಿದ್ದರೆ ರಾಜಧಾನಿಯನ್ನು ಬಿಡಿಸಿದ ಹೆಸರು ಮಾಸ್ಕೋಗೆ, ಆಮೇಲೆ ಆಡಳಿತವೂ ಮಾಸ್ಕೋಗೆ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಅದೇ ಜುಲೈನಲ್ಲಿ ವಿಲ್ನಿಯಸ್‌ನಲ್ಲಿ ಸೋವಿಯತ್ ಸೇನೆಯ ಜೊತೆ ಹೋರಾಡಿದ ಪೋಲಿಷ್ ಸೈನಿಕರ ಆಯುಧ ಕಸಿದು ಅವರನ್ನೇ ಬಂಧಿಸಲಾಗಿತ್ತು.

ಆಗಸ್ಟ್ 1ರ ಸಂಜೆ 5ಕ್ಕೆ ದಂಗೆ ಶುರುವಾಯಿತು. ಹೋರಾಟಗಾರರಲ್ಲಿ ಹೆಚ್ಚಿನವರ ಕೈಯಲ್ಲಿ ಬಂದೂಕೇ ಇರಲಿಲ್ಲ. ಕೆಲವೇ ದಿನ ಎಂದುಕೊಂಡಿದ್ದ ಹೋರಾಟ 63 ದಿನ ನಡೆಯಿತು. ಹಳೆಯ ಪಟ್ಟಣ ಕೈತಪ್ಪಿದಾಗ ಹೋರಾಟಗಾರರು ಕತ್ತಲಲ್ಲಿ ಒಳಚರಂಡಿಯೊಳಗೆ ಇಳಿದು ಬೇರೆ ಬಡಾವಣೆಗೆ ದಾಟಿದರು. ಅಷ್ಟೂ ದೂರ ಕೊಚ್ಚೆಯಲ್ಲೇ ನಡೆಯಬೇಕಿತ್ತು. ನಡೆಯಲಾಗದ ಗಾಯಾಳುಗಳು ಮೇಲೆಯೇ ಉಳಿದರು. ಅವರಲ್ಲಿ ಬಹಳ ಮಂದಿಯನ್ನು ಕೊಲ್ಲಲಾಯಿತು.

ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಸೋವಿಯತ್ ಸೇನೆ ನದಿಯ ಆಚೆ ದಡದ ಪ್ರಾಗಾ ಬಡಾವಣೆಯನ್ನು ಹಿಡಿದಿತ್ತು. ಅಲ್ಲೇ ನಿಂತಿತು. ಸೈನಿಕರು ದಣಿದಿದ್ದರು ಎನ್ನುವವರಿದ್ದಾರೆ, ಬೇಕೆಂದೇ ನಿಂತರು ಎನ್ನುವವರೂ ಇದ್ದಾರೆ. ಆದರೆ ಹೋರಾಟಗಾರರಿಗೆ ಸಾಮಾನು ತರುವ ಮಿತ್ರರಾಷ್ಟ್ರಗಳ ವಿಮಾನಗಳು ತನ್ನ ನೆಲದಲ್ಲಿ ಇಳಿಯಲು ಮಾಸ್ಕೋ ವಾರಗಟ್ಟಲೆ ಒಪ್ಪಲಿಲ್ಲ. ಒಪ್ಪಿದ ಮೇಲೆ ಸೆಪ್ಟೆಂಬರ್ 18ರಂದು ಅಮೆರಿಕದ ವಿಮಾನಗಳು ಸಾಮಾನು ಉದುರಿಸಿದವು. ಅಷ್ಟರಲ್ಲಿ ಹೋರಾಟಗಾರರ ಕೈಯಲ್ಲಿ ಉಳಿದಿದ್ದ ಜಾಗ ತುಂಬಾ ಕಮ್ಮಿ. ಹೆಚ್ಚಿನದು ಜರ್ಮನರ ಪಾಲಾಯಿತು. ಅಕ್ಟೋಬರ್ 2ಕ್ಕೆ ಶರಣಾಗತಿ.

ಬದುಕಿದ್ದವರನ್ನೆಲ್ಲ ಊರಿನಿಂದ ಹೊರಹಾಕಿದ ಮೇಲೆ ಜರ್ಮನರು ಖಾಲಿ ಮನೆಗಳನ್ನು ಬೀದಿ ಬೀದಿಯಾಗಿ ಸುಟ್ಟರು, ಸ್ಫೋಟಿಸಿದರು. 1945ರ ಜನವರಿ 17ಕ್ಕೆ ಸೋವಿಯತ್ ಸೇನೆ ಒಳಬಂದಾಗ ಊರು ಬರೀ ಅವಶೇಷವಾಗಿತ್ತು.

ಯುದ್ಧ ಮುಗಿದರೂ ಮಾತಾಡುವ ಅವಕಾಶ ಸಿಗಲಿಲ್ಲ. ಮಾಸ್ಕೋ ಬೆಂಬಲದ ಹೊಸ ಆಡಳಿತ ಹಳೆಯ ಹೋರಾಟಗಾರರನ್ನು ಜೈಲಿಗೆ ಹಾಕಿತು, ಕೆಲವರನ್ನು ನೇಣಿಗೂ ಏರಿಸಿತು. ಮನೆಯಲ್ಲಿ ಪಿಸುಗುಟ್ಟುವ ಕಥೆಯಾಗಿ ದಂಗೆ ಉಳಿಯಿತು. ಊರಿನ ನಡುವೆ ದೊಡ್ಡ ಸ್ಮಾರಕ ಎದ್ದದ್ದು 1989ರಲ್ಲಿ, ಮ್ಯೂಸಿಯಂ ಬಂದದ್ದು 2004ರಲ್ಲಿ. ಇಷ್ಟು ವರ್ಷ ಬಾಯಿ ಕಟ್ಟಿದ ಮೇಲೆ ಮಾತು ಜೋರಾಗಿಯೇ ಹೊರಬರುತ್ತದೆ, ಅಲ್ವಾ? ಒಂದು ಕಡೆಯವರು ಇದನ್ನು ಮಾನ ಉಳಿಸಿದ ಹೋರಾಟ ಎಂದರು. ಇನ್ನೊಂದು ಕಡೆಯವರು ಗೆಲ್ಲಲಾಗದೆಂದು ಗೊತ್ತಿದ್ದೂ ಒಂದು ಇಡೀ ಊರನ್ನು ಪಣಕ್ಕಿಟ್ಟರು ಎಂದರು. ಎರಡೂ ಕಡೆಯ ಮಾತು ದಂಡನಾಯಕರ ನಿರ್ಧಾರದ ಸುತ್ತಲೇ ಸುತ್ತುತ್ತದೆ.

ಸತ್ತ ಹೋರಾಟಗಾರರು ಸುಮಾರು 16,000. ಸತ್ತ ಸಾಮಾನ್ಯ ಜನ ಒಂದೂವರೆ ಲಕ್ಷಕ್ಕೂ ಜಾಸ್ತಿ ಎಂಬುದು ಸಾಮಾನ್ಯ ಅಂದಾಜು. ದಂಗೆ ಬೇಕಾ ಎಂದು ಅವರನ್ನು ಕೇಳುವ ದಾರಿಯೇ ಇರಲಿಲ್ಲ. ದಂಗೆಯ ಮೊದಲ ವಾರದಲ್ಲೇ ವೋಲಾ ಬಡಾವಣೆಯಲ್ಲಿ ಜರ್ಮನರು ಮನೆಯಿಂದ ಹೊರಗೆಳೆದು, ಆಸ್ಪತ್ರೆಗಳಿಗೆ ನುಗ್ಗಿ, ಹತ್ತಾರು ಸಾವಿರ ಜನರನ್ನು ಗುಂಡಿಕ್ಕಿ ಕೊಂದರು. ಹೆಣಗಳನ್ನು ರಾಶಿ ಹಾಕಿ ಸುಟ್ಟರು. ಅಲ್ಲಿ ಪಡೆಗಳನ್ನು ನಡೆಸಿದ್ದ ಜರ್ಮನ್ ಸೇನಾನಿಗೆ ಯಾವತ್ತೂ ಶಿಕ್ಷೆಯಾಗಲಿಲ್ಲ. ಯುದ್ಧದ ನಂತರ ಆತ ಪಶ್ಚಿಮ ಜರ್ಮನಿಯ ಒಂದು ಊರಿನ ಮೇಯರ್ ಆದ.

1946ರ ಆಗಸ್ಟ್‌ನಲ್ಲಿ ವಾರ್ಸಾದ ಜನ ಕೊಲೆ ನಡೆದ ಜಾಗಗಳಿಂದ ಬೂದಿಯನ್ನು ಒಟ್ಟು ಮಾಡಿದರು. ನೂರಕ್ಕೂ ಹೆಚ್ಚು ಶವಪೆಟ್ಟಿಗೆಗಳಲ್ಲಿ ತುಂಬಿ, ಮೆರವಣಿಗೆಯಲ್ಲಿ ಹೊತ್ತು, ವೋಲಾದ ಸ್ಮಶಾನದಲ್ಲಿ ಹೂತರು. ಆ ಬೂದಿ ಸುಮಾರು 12 ಟನ್ ಇತ್ತು. ಅದರಲ್ಲಿ ಯಾರು ಯಾರೆಂದು ಗುರುತಿಸಲು ಆಗಲಿಲ್ಲ.