ಲಿಂಗ ಸಮಾನತೆಯ ಒಪ್ಪಂದಗಳಿಂದ ವಿದೇಶಿ ನೆರವು ಬದಲಾಗುತ್ತದಾ?

ಓದುಗರ ಪ್ರಶ್ನೆ: ಮಹಿಳಾ ಸಮಾನತೆಯ ಬಗ್ಗೆ ದೇಶಗಳು ಜಾಗತಿಕ ಒಪ್ಪಂದಗಳಿಗೆ ಸಹಿ ಹಾಕುತ್ತವೆ. ಇದರಿಂದ ಅವು ಕೊಡುವ ನೆರವು ನಿಜಕ್ಕೂ ಬದಲಾಗುತ್ತದಾ, ಇಲ್ಲಾ ಸುಮ್ನೆ ಕಾಗದದ ಮಾತಾ?

ಬದಲಾಗುತ್ತದೆ. ಆದರೆ ಮೊದಲು ಬದಲಾಗುವುದು ಕಾಗದವೇ. ಹಣ ಅದರ ಹಿಂದೆ ನಿಧಾನಕ್ಕೆ ಬರುತ್ತದೆ.

1995ರಲ್ಲಿ ಬೀಜಿಂಗ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನದಲ್ಲಿ ದೇಶಗಳು ಒಪ್ಪಿದ ಕಾರ್ಯಯೋಜನೆಯನ್ನು ಪಾಲಿಸದಿದ್ದರೆ ಯಾವ ಕೋರ್ಟೂ ದಂಡ ಹಾಕುವುದಿಲ್ಲ. ಆದರೂ ಅದಕ್ಕೆ ಬಲವಿದೆ. 'ಒಪ್ಪಿಕೊಂಡು ಬಂದಿರಲ್ಲ, ಏನು ಮಾಡಿದಿರಿ?' ಎಂದು ಸಂಸದರು, ಮಹಿಳಾ ಸಂಘಟನೆಗಳು ಕೇಳಬಹುದು. ಬ್ರಿಟನ್ 2014ರಲ್ಲಿ ಕಾನೂನನ್ನೇ ಮಾಡಿತು: ಅಭಿವೃದ್ಧಿ ನೆರವು ಕೊಡುವ ಮುಂಚೆ, ಅದು ಗಂಡು ಹೆಣ್ಣಿನ ಅಸಮಾನತೆ ತಗ್ಗಿಸುತ್ತದಾ ಎಂದು ಮಂತ್ರಿ ಯೋಚಿಸಲೇಬೇಕು.

ದಿನನಿತ್ಯದ ಕೆಲಸದಲ್ಲಿ ಈ ಒತ್ತಡ ಕಾಣುವುದು ಒಂದು ಅಂಕಿಯಲ್ಲಿ. ನೆರವು ಕೊಡುವ ಶ್ರೀಮಂತ ದೇಶಗಳು ಪ್ರತಿ ಯೋಜನೆಯ ಗುರಿಯಲ್ಲಿ ಸಮಾನತೆಗೆ ಎಷ್ಟು ಜಾಗವಿದೆ ಎಂದು ನೋಡಿ 0, 1 ಅಥವಾ 2 ಅಂಕ ಹಾಕಿ, ಒಇಸಿಡಿಗೆ (ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಹಕಾರ ಸಂಸ್ಥೆ) ವರದಿ ಕೊಡುತ್ತವೆ. ಒಂದು ಕುಡಿಯುವ ನೀರಿನ ಯೋಜನೆ ಇದೆ ಅನ್ನಿ. ಬರೀ ಪೈಪ್ ಹಾಕಿದರೆ 0. ನೀರು ಹೊರುವವರು ಯಾರು ಎಂದು ಮೊದಲೇ ವಿಚಾರಿಸಿ, ಹೆಂಗಸರ ಹೊರೆ ಇಳಿಸುವುದನ್ನೂ ಗುರಿಯಾಗಿ ಬರೆದು, ಅದನ್ನು ಅಳೆದರೆ 1. ಸಮಾನತೆಯೇ ಮುಖ್ಯ ಗುರಿಯಾಗಿದ್ದು, ಅದಿಲ್ಲದಿದ್ದರೆ ಯೋಜನೆಯೇ ಇರುತ್ತಿರಲಿಲ್ಲ ಅನ್ನುವಂತಿದ್ದರೆ 2.

ಈ ಅಂಕದಿಂದ ಒಳ್ಳೆಯದೂ ಆಗಿದೆ. ಅಧಿಕಾರಿ ಆ ಪ್ರಶ್ನೆ ಕೇಳಲೇಬೇಕಾಗುತ್ತದೆ. 'ಸ್ತ್ರೀವಾದಿ ನೆರವು ನೀತಿ' ಎಂದು 2017ರಲ್ಲಿ ಘೋಷಿಸಿದ ಕೆನಡಾ ತನ್ನ ದ್ವಿಪಕ್ಷೀಯ ನೆರವಿನ (ಒಂದು ದೇಶ ತಾನೇ ಗೊತ್ತುಮಾಡಿ ಕೊಡುವ ನೆರವು) ಶೇಕಡಾ 95ರಷ್ಟರಲ್ಲಿ ಸಮಾನತೆ ಗುರಿಯಾಗಿರಬೇಕು ಎಂದಿತು. ಒಟ್ಟು ದ್ವಿಪಕ್ಷೀಯ ನೆರವಿನ ಶೇಕಡಾ 15ಕ್ಕೆ ಸಮಾನತೆಯೇ ಮುಖ್ಯ ಗುರಿಯಾಗಬೇಕು ಎಂದಿತು. ಈ ಎರಡನೇ ಅಂಕಿಯೇ ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ. ಯಾಕೆಂದರೆ ಹಳೆಯ ಯೋಜನೆಗೆ ಎರಡು ಸಾಲು ಸೇರಿಸಿ 1 ಪಡೆಯುವುದು ಸುಲಭ. 2020-21ರಲ್ಲಿ ನೆರವು ಕೊಡುವ ಈ ಶ್ರೀಮಂತ ದೇಶಗಳ ದ್ವಿಪಕ್ಷೀಯ ನೆರವಿನಲ್ಲಿ ಸುಮಾರು ಶೇಕಡಾ 44ಕ್ಕೆ 1 ಅಥವಾ 2 ಸಿಕ್ಕಿತ್ತು. 2 ಸಿಕ್ಕಿದ್ದು ಶೇಕಡಾ 4ರ ಆಸುಪಾಸಿಗೆ ಮಾತ್ರ.

ಸರ್ಕಾರ ಬದಲಾದರೆ ಮಾತೂ ಬದಲಾಗಬಹುದು. 2014ರಲ್ಲಿ ಸ್ತ್ರೀವಾದಿ ವಿದೇಶಾಂಗ ನೀತಿ ತಂದ ಸ್ವೀಡನ್, 2022ರ ಚುನಾವಣೆಯ ನಂತರ ಅದನ್ನು ಕೈಬಿಟ್ಟಿತು.

ಇನ್ನು ಊರೂರಲ್ಲಿ ಹೆಂಗಸರ ಹಕ್ಕಿಗಾಗಿ ದುಡಿಯುವ ಸಂಘಟನೆಗಳಿಗೆ ತಲುಪುವುದು ಒಟ್ಟು ನೆರವಿನಲ್ಲಿ ಶೇಕಡಾ 1ಕ್ಕಿಂತ ಕಡಿಮೆ. ನೆರವು ಇಲಾಖೆಗೆ ಒಂದೇ ದೊಡ್ಡ ಸಂಸ್ಥೆಯ ಲೆಕ್ಕ ನೋಡುವುದು ಸಲೀಸು, ನೂರು ಸಣ್ಣ ಸಂಘಗಳದ್ದು ಕಷ್ಟ. ಆ ಸಂಘಗಳಿಗೆ ಬೇಕಿರುವುದು ಆಫೀಸ್ ಬಾಡಿಗೆ, ಸಂಬಳಕ್ಕೂ ಬಳಸಬಹುದಾದ, ವರ್ಷಗಟ್ಟಲೆ ನಿಲ್ಲುವ ಹಣ. ಸಿಗುವುದು ಹೆಚ್ಚಾಗಿ ಒಂದು ಯೋಜನೆಗೆ ಕಟ್ಟಿಹಾಕಿದ, ಬೇಗ ಮುಗಿದುಹೋಗುವ ಹಣ.