ಹಳೆಯ ಪೈಪಿಗೆ ಹೊಸ ತೇಪೆ

ನನ್ನ ಮೇಜಿನ ಮೇಲೆ ಗೇಣುದ್ದದ ಕಬ್ಬಿಣದ ಪೈಪಿನ ತುಂಡೊಂದಿದೆ. ಫ್ಯಾನಿನ ಗಾಳಿಗೆ ಹಾಳೆಗಳು ಹಾರದಿರಲೆಂದು ಅದನ್ನು ಮೇಲೆ ಹೇರಿಡುತ್ತೇನೆ. ಹೊರಮೈ ನೋಡಿದವರು ಇಷ್ಟು ಚೆನ್ನಾಗಿರುವುದನ್ನು ಕಿತ್ತದ್ದೇಕೆ ಎಂದು ಕೇಳುತ್ತಾರೆ. ಉತ್ತರ ಬೇಕಿದ್ದರೆ ತುದಿಗೆ ಕಣ್ಣಿಟ್ಟು ಇಣುಕಬೇಕು. ಒಳಗೆಲ್ಲ ಕಂದು, ಕಪ್ಪು ಗಂಟುಗಳು ಗೆದ್ದಲು ಹುತ್ತ ಕಟ್ಟಿದ ಹಾಗೆ ಬೆಳೆದಿವೆ. ಹೆಸರಿಗೆ ಅರ್ಧ ಇಂಚಿನ ಪೈಪು. ಈಗ ಅದರಲ್ಲಿ ತೂರುವುದು ಒಂದು ಪೆನ್ಸಿಲ್ ಮಾತ್ರ.

ಇದು ಬಂದದ್ದು ಸ್ನೇಹಿತರೊಬ್ಬರ ಹಳೆಯ ಮನೆಯಿಂದ. ಸೋರಿದಾಗಲೆಲ್ಲ ಸೋರಿದಷ್ಟನ್ನೇ ಕತ್ತರಿಸಿ ಹೊಸ ತುಂಡು ಹಾಕಿಸುತ್ತಾ ಬಂದವರು ಅವರು. ನಾಲ್ಕನೆಯ ಬಾರಿ ಸೋರಿದ್ದು ಹಳೆಯ ಪೈಪಲ್ಲ, ಎರಡನೆಯ ಬಾರಿ ಹಾಕಿಸಿದ್ದ ಹೊಸ ತುಂಡು. ‘ಈಗಿನ ಕಬ್ಬಿಣದಲ್ಲಿ ಕಸುವಿಲ್ಲ, ಹಿಂದಿನದರ ಗಟ್ಟಿತನವೇ ಬೇರೆ’ ಎಂದು ತೀರ್ಪು ಕೊಟ್ಟರು. ಪ್ಲಂಬರ್ ಕೂಡ ತಲೆಯಾಡಿಸಿದರು. ಈ ಮಾತನ್ನು ಕೇಳಿ ಸುಮ್ಮನಿರಲು ನನಗೆ ಆಗುವುದಿಲ್ಲ. ಹೊಸ ತುಂಡಿನ ಕಬ್ಬಿಣ ಎಷ್ಟೇ ಅಪ್ಪಟವಾಗಿರಲಿ, ಅದನ್ನು ಹಳೆಯ ಪೈಪಿನ ನಡುವೆ ಕೂರಿಸಿದರೆ ಮೊದಲು ಸವೆಯುವ ಸರದಿ ಅದರದ್ದೇ. ಅದು ಹೊಸದಾಗಿರುವುದೇ ಅದರ ತಪ್ಪು.

ತುಕ್ಕು ಎಂದರೆ ಸಾಲ ತೀರಿಸುವ ವ್ಯವಹಾರ ಎಂದುಕೊಳ್ಳಿ. ನೀರಿನಲ್ಲಿ ಕರಗಿರುವ ಆಮ್ಲಜನಕ ವಸೂಲಿಗೆ ಬಂದವನು. ಅವನಿಗೆ ಬೇಕಾದ ನಾಣ್ಯ ಎಲೆಕ್ಟ್ರಾನು. ಕಬ್ಬಿಣ ಎಲೆಕ್ಟ್ರಾನು ಕೊಟ್ಟಷ್ಟೂ ತಾನು ಕರಗಿ ನೀರಿಗೆ ಸೇರುತ್ತದೆ. ಕಬ್ಬಿಣದ ಪೈಪಿಗೆ ಲೇಪಿಸಿದ ಸತು ಇಲ್ಲಿ ಜಾಮೀನುದಾರ. ಎಲೆಕ್ಟ್ರಾನು ಬಿಟ್ಟುಕೊಡುವುದರಲ್ಲಿ ಸತುವಿನದು ಕಬ್ಬಿಣಕ್ಕಿಂತ ದೊಡ್ಡ ಕೈ: ಆ ಒಲವನ್ನು ವೋಲ್ಟಿನಲ್ಲಿ ಹೇಳುವ ಪ್ರಮಾಣ ವಿಭವದ ಪಟ್ಟಿಯಲ್ಲಿ ಸತು ಮೈನಸ್ 0.76 ವೋಲ್ಟ್, ಕಬ್ಬಿಣ ಮೈನಸ್ 0.44, ತಾಮ್ರ ಪ್ಲಸ್ 0.34. ಅಂಕಿ ಕಡಿಮೆಯಿದ್ದವರು ಹೆಚ್ಚಿದ್ದವರ ಪರವಾಗಿ ತೆರಬೇಕು. ಜಿಐ (ಗ್ಯಾಲ್ವನೈಜ್ ಮಾಡಿದ, ಎಂದರೆ ಸತು ಲೇಪಿಸಿದ ಕಬ್ಬಿಣದ) ಪೈಪಿನ ಮೇಲಿನ ಪದರಕ್ಕೆ ಅಲ್ಲಲ್ಲಿ ಗೀರು ಬಿದ್ದರೂ ಕಬ್ಬಿಣ ಉಳಿಯುವುದು ಇದರಿಂದಲೇ. ಬಣ್ಣ ಬಳಿದ ಕಬ್ಬಿಣ ಹಾಗಲ್ಲ. ಬಣ್ಣ ಛತ್ರಿಯಿದ್ದಂತೆ, ತೂತಾದಲ್ಲಿ ನೆನೆಯುವುದೇ ಗತಿ. ಸತು ಛತ್ರಿಯಲ್ಲ, ಪಕ್ಕದಲ್ಲಿ ನಿಂತು ತಾನು ನೆನೆಯುವವನು.

1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕರಗಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ. ಸತ್ತ ಕಪ್ಪೆಯ ಕಾಲು ಲೋಹ ತಾಗಿದಾಗ ಸೆಟೆದುಕೊಂಡದ್ದನ್ನು ಕಂಡ ಇಟಲಿಯ ಲುಯಿಜಿ ಗಾಲ್ವಾನಿಯ ಹೆಸರೇ ಈ ವಿಧಾನಕ್ಕೆ ‘ಗ್ಯಾಲ್ವನೈಜ್’ ಆಯಿತು. ಅದ್ದುವ ಕೆಲಸದಲ್ಲಿ ಎಲ್ಲೂ ವಿದ್ಯುತ್ತಿಲ್ಲವಲ್ಲ, ಹೆಸರು ತಪ್ಪು ಎಂದು ವಾದಿಸುವವರಿದ್ದಾರೆ. ಅದ್ದುವಾಗ ಇಲ್ಲ, ನಿಜ. ಆಮೇಲೆ ಪೈಪು ಬದುಕಿರುವಷ್ಟು ದಿನವೂ ಇದೆ. ಸೊರೆಲ್‌ಗಿಂತ ಮೊದಲೇ, 1824ರಲ್ಲಿ, ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡನ್ನು ಉಳಿಸಲು ಅದಕ್ಕೆ ಸತು ಮತ್ತು ಕಬ್ಬಿಣದ ತುಂಡುಗಳನ್ನು ಜೋಡಿಸಿ ನೋಡಿದ್ದ. ತಾಮ್ರ ಉಳಿಯಿತು. ಆದರೆ ತಾಮ್ರ ಕರಗಿ ವಿಷವಾಗುತ್ತಿದ್ದುದರಿಂದಲೇ ಅಲ್ಲಿಯವರೆಗೆ ದೂರವಿದ್ದ ಪಾಚಿ, ಚಿಪ್ಪುಜೀವಿಗಳು ಈಗ ತಳಕ್ಕೆ ಮೆತ್ತಿಕೊಂಡು ಹಡಗಿನ ವೇಗವನ್ನೇ ಕುಗ್ಗಿಸಿದವು. ರಸಾಯನಶಾಸ್ತ್ರ ಗೆದ್ದು ನೌಕಾಪಡೆ ಸೋತ ಪ್ರಸಂಗವಿದು.

ಪೈಪಿಗೆ ಮರಳೋಣ. ಒಳಗಿನ ಸತು ವರ್ಷಗಳ ಕಾಲ ತೆತ್ತು ತೆತ್ತು ಒಂದು ದಿನ ಖಾಲಿಯಾಗುತ್ತದೆ. ಆಮೇಲೆ ಕಬ್ಬಿಣವೇ ಕರಗತೊಡಗುತ್ತದೆ, ಅದರ ಮೇಲೆ ತುಕ್ಕು ಮತ್ತು ಸುಣ್ಣದ ಗಡುಸು ಹೊದಿಕೆ ಬೆಳೆಯುತ್ತದೆ. ಈ ಹೊದಿಕೆ ಹೊತ್ತ ಹಳೆಯ ಮೇಲ್ಮೈ ಸುಲಭವಾಗಿ ಎಲೆಕ್ಟ್ರಾನು ಬಿಡುವುದಿಲ್ಲ. ವಸೂಲಿಗಾರರಿಗೆ ಒಗ್ಗಿಹೋದ ಹಳೆಯ ಜಿಪುಣ ಅದು. ಈಗ ನಡುವೆ ಹೊಳೆಯುವ ಹೊಸ ತುಂಡು ಬಂದು ಕೂರುತ್ತದೆ. ಎರಡೂ ಕಬ್ಬಿಣವೇ, ಆದರೆ ವಿಭವ ಬೇರೆ. ಹಳೆಯದು ಎಲೆಕ್ಟ್ರಾನು ಪಡೆಯುವ ಕ್ಯಾಥೋಡು, ಹೊಸದು ಕೊಡುವ ಆನೋಡು, ಪೈಪಿನ ಲೋಹವೇ ತಂತಿ, ಒಳಗಿನ ನೀರು ಬ್ಯಾಟರಿಯ ದ್ರಾವಣ. ಗಮನಿಸದೆ ಗೋಡೆಯೊಳಗೆ ಒಂದು ಬ್ಯಾಟರಿ ಕಟ್ಟಿದಂತಾಯಿತು. ಹಳೆಯ ಮೇಲ್ಮೈ ದೊಡ್ಡದು, ಹೊಸ ತುಂಡು ಚಿಕ್ಕದು ಎಂಬುದು ಇನ್ನೂ ಕೆಟ್ಟ ಸುದ್ದಿ. ಊರಿಗೆ ಊರೇ ಮಾಡಿದ ಸಾಲವನ್ನು ನಿನ್ನೆ ತಾನೇ ಬಾಡಿಗೆಗೆ ಬಂದವನ ಜೇಬಿನಿಂದ ಕಿತ್ತಂತೆ! ಕುಡಿಯುವ ನೀರು ಅಷ್ಟೇನೂ ಒಳ್ಳೆಯ ವಿದ್ಯುದ್ವಾಹಕವಲ್ಲವಾದ್ದರಿಂದ ಈ ಕಿತ್ತಾಟ ದೂರಕ್ಕೆ ಹರಡದೆ ಜೋಡಣೆಯ ಪಕ್ಕದಲ್ಲೇ ನಡೆಯುತ್ತದೆ. ಅಲ್ಲೇ ಥ್ರೆಡ್ ಕೂಡ ಇರುತ್ತದೆ. ಥ್ರೆಡ್ ಕೊರೆಯುವಾಗ ಸತು ಹೋಗುತ್ತದೆ, ಪೈಪಿನ ದಪ್ಪವೂ ಗಣನೀಯವಾಗಿ ಕಡಿಮೆಯಾಗುತ್ತದೆ. ಸೋರಿಕೆ ಮೊದಲು ಅಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವೇನು?

ಹಾಗಾದರೆ ಒಳ್ಳೆಯ ಲೋಹವನ್ನೇ ಹಾಕೋಣವೆಂದು ಕೆಲವರು ತಾಮ್ರದ ತುಂಡನ್ನು ಜೋಡಿಸುತ್ತಾರೆ. ಅದು ಇನ್ನೂ ಅನ್ಯಾಯ. ತಾಮ್ರ ತಾನು ಬಿಡಿಗಾಸು ಬಿಚ್ಚದೆ ವಸೂಲಿಗಾರನಿಗೆ ಕುರ್ಚಿ ಹಾಕಿ ಕೂರಿಸುತ್ತದೆ, ಲೆಕ್ಕವೆಲ್ಲ ಪಕ್ಕದ ಕಬ್ಬಿಣದ ತಲೆಗೆ. ತಾಮ್ರ ನೀರಿನ ಹರಿವಿನಲ್ಲಿ ಮೊದಲು ಬಂದು ಕಬ್ಬಿಣ ಆಮೇಲೆ ಬಂದರಂತೂ, ನೀರಿನೊಂದಿಗೆ ಹೋಗುವ ತಾಮ್ರದ ಅಯಾನುಗಳು ಮುಂದಿನ ಸತುವಿನ ಮೇಲೆ ಕುಳಿತು ಸಾವಿರ ಪುಟ್ಟ ಬ್ಯಾಟರಿಗಳಾಗುತ್ತವೆ. ಎರಡು ಲೋಹಗಳು ಒಂದನ್ನೊಂದು ಮುಟ್ಟದಂತೆ ನಡುವೆ ವಿದ್ಯುತ್ ನಿರೋಧಕ ಯೂನಿಯನ್ (ಜೋಡಣೆಯ ತುಣುಕು) ಹಾಕುವುದು ಈ ಕಾರಣಕ್ಕೆ; ಆದರೆ ನೀರಿನಲ್ಲಿ ತೇಲಿಹೋಗುವ ತಾಮ್ರವನ್ನು ಆ ಯೂನಿಯನ್ ಕೂಡ ತಡೆಯದು. ಗೀಸರಿನ ಬಿಸಿನೀರಿನ ಪೈಪಿನಲ್ಲಿ ಮತ್ತೊಂದು ತಮಾಷೆಯಿದೆ. ಕೆಲವು ಬಗೆಯ ನೀರಿನಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸತು ಮತ್ತು ಕಬ್ಬಿಣದ ಪಾತ್ರಗಳೇ ಅದಲುಬದಲಾಗುತ್ತವೆ. ಜಾಮೀನುದಾರನೇ ತಿರುಗಿಬಿದ್ದು ಕಬ್ಬಿಣವನ್ನು ಚುಚ್ಚಿ ತೂತು ಮಾಡುತ್ತಾನೆ.

ನಲ್ಲಿಯಲ್ಲಿ ನೀರು ಸಣ್ಣಗೆ ಬರುವುದಕ್ಕೂ ಇದೇ ಮೂಲ. ಕರಗಿದ ಕಬ್ಬಿಣ ತುಕ್ಕಾದಾಗ ಮೊದಲಿನ ಲೋಹದ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಇಲ್ಲಿ ವಿಜ್ಞಾನ ಬಲ್ಲವರೂ ಒಂದು ತಪ್ಪು ಮಾಡುತ್ತಾರೆ. ಪೈಪಿನ ವ್ಯಾಸ ಅರ್ಧವಾದರೆ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ಧೈರ್ಯವಾಗಿ ಬರೆಯುತ್ತಾರೆ. ಆ ನಾಲ್ಕನೇ ಘಾತದ ಸೂತ್ರ ರಕ್ತದ ಹರಿವಿನ ಬೆನ್ನುಹತ್ತಿ ಕೂದಲೆಳೆಯಂಥ ಗಾಜಿನ ನಳಿಕೆಗಳಲ್ಲಿ ಪ್ರಯೋಗ ಮಾಡಿದ ವೈದ್ಯ ಪ್ವಾಸೇಯದು. ಅದು ಪದರ ಪದರವಾಗಿ ಶಾಂತವಾಗಿ ಸರಿಯುವ ದ್ರವಕ್ಕೆ ಮಾತ್ರ ಸರಿ. 1883ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಬಿಟ್ಟು, ಒಂದು ಮಿತಿ ದಾಟಿದೊಡನೆ ಅದು ಕದಡಿಹೋಗುವುದನ್ನು ತೋರಿಸಿದ. ಹರಿವಿನ ವೇಗ, ಕೊಳವೆಯ ವ್ಯಾಸ, ದ್ರವದ ಜಿಗುಟುತನ ಸೇರಿಸಿ ಲೆಕ್ಕ ಹಾಕುವ, ಅವನ ಹೆಸರಿನ ಸಂಖ್ಯೆ ಎರಡು ಸಾವಿರದ ಆಸುಪಾಸನ್ನು ದಾಟಿದರೆ ಶಾಂತಿ ಮುಗಿಯಿತು. ಅರ್ಧ ಇಂಚಿನ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರಿಗೆ ಆ ಸಂಖ್ಯೆ ಹದಿನೈದು ಸಾವಿರ ದಾಟುತ್ತದೆ. ಅಲ್ಲಿ ಎಂಜಿನಿಯರುಗಳು ಬಳಸುವ ಹೇಜ಼ನ್-ವಿಲಿಯಮ್ಸ್ ಸೂತ್ರದ ಘಾತ 2.63. ಲೆಕ್ಕ ಹಾಕಿದರೆ ಹರಿವು ಸುಮಾರು ಆರನೇ ಒಂದು ಭಾಗ. ನನ್ನ ಮೇಜಿನ ಪೈಪಿನ ಒಳವ್ಯಾಸ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಒರಟು ಗಂಟುಗಳ ತಡೆಯೂ ಸೇರಿದರೆ ಆ ಆರನೇ ಒಂದು ಭಾಗವೂ ಸಿಕ್ಕಿರಲಾರದು. ಇದಕ್ಕೆ ಪಂಪಿನ ಒತ್ತಡ ಏರಿಸುವುದು ಪರಿಹಾರವೆಂದು ನಂಬಿದವರು ಸೋರುವ ಪೈಪಿಗೆ ಇನ್ನಷ್ಟು ಆತುರ ತುಂಬುತ್ತಾರೆ, ಅಷ್ಟೇ.

ಪೈಪಿಗೆ ಹೊರಗಿನಿಂದ ಅಯಸ್ಕಾಂತ ಕಟ್ಟಿದರೆ ಒಳಗಿನ ಹುತ್ತ ಕರಗುತ್ತದೆ ಎಂದು ಮಾರುವವರಿದ್ದಾರೆ. ತಾಯತಕ್ಕೂ ಅದಕ್ಕೂ ಇರುವ ವ್ಯತ್ಯಾಸ ಬೆಲೆಯೊಂದೇ ಎಂಬುದು ನನ್ನ ಅಭಿಪ್ರಾಯ. ಆಮ್ಲ ಹಾಕಿ ತೊಳೆಯುವ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ, ಅದೇ ಅದರ ಅಪಾಯ. ಎಷ್ಟೋ ಕಡೆ ತೂತನ್ನು ಮುಚ್ಚಿಕೊಂಡಿರುವುದು ಆ ತುಕ್ಕೇ.

ಇಷ್ಟು ಹೇಳಿದ ಮೇಲೆ, ಲೋಹದ ಗೊಡವೆಯೇ ಬೇಡ, ಪ್ಲಾಸ್ಟಿಕ್‌ಗೆ ತುಕ್ಕಿಲ್ಲ ಎನ್ನುವವರಿಗೆ ಪಾಲಿಬ್ಯೂಟಿಲೀನ್ ಕಥೆ ಹೇಳಬೇಕು. 1978ರಿಂದ 1995ರವರೆಗೆ ಅಮೆರಿಕದ ಲಕ್ಷಾಂತರ ಮನೆಗಳಿಗೆ ಈ ಬೂದು ಬಣ್ಣದ ಬಾಗುವ ಪೈಪು ಹೋಯಿತು. ಅಗ್ಗ, ಹಗುರ, ಜೋಡಿಸಲು ಸುಲಭ. ಕೆಲವೇ ವರ್ಷಗಳಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯತೊಡಗಿತು. ಕೊಂದದ್ದು ನೀರಿನಲ್ಲಿದ್ದ ಕ್ಲೋರಿನ್. 1908ರಲ್ಲಿ ಜರ್ಸಿ ಸಿಟಿಯ ನೀರಿಗೆ ಜಾನ್ ಲೀಲ್ ಎಂಬ ವೈದ್ಯ ನಿರಂತರವಾಗಿ ಕ್ಲೋರಿನ್ ಬೆರೆಸುವ ಏರ್ಪಾಡು ಮಾಡಿದ ಮೇಲೆ ಆ ಪದ್ಧತಿ ಊರೂರಿಗೆ ಹಬ್ಬಿ, ಟೈಫಾಯಿಡ್‌ನಿಂದ ಅಸಂಖ್ಯ ಜೀವಗಳನ್ನು ಉಳಿಸಿದೆ. ಅದೇ ಕ್ಲೋರಿನ್ ಉದ್ದುದ್ದ ಅಣುಸರಪಳಿಗಳನ್ನು ಕಡಿಯುತ್ತದೆ. ಇದನ್ನು ತಡೆಯಲು ಪ್ಲಾಸ್ಟಿಕ್ಕಿಗೆ ಉತ್ಕರ್ಷಣ ನಿರೋಧಕ ಬೆರೆಸಿರುತ್ತಾರೆ. ಮತ್ತೆ ನೋಡಿ, ಇಲ್ಲೂ ಒಬ್ಬ ಜಾಮೀನುದಾರ! ಅವನು ಮುಗಿದ ದಿನದಿಂದ ಒಳಮೈ ಒಣಗಿದ ಕೆರೆಯ ಅಂಗಳದಂತೆ ಬಿರಿಯುತ್ತಾ ಹೋಗುತ್ತದೆ, ಹೊರಮೈ ಮಾತ್ರ ನಯವಾಗಿಯೇ ಇರುತ್ತದೆ. ಜೋಡಣೆಗೆ ಬಳಸಿದ್ದ ಅಸಿಟಾಲ್ ಪ್ಲಾಸ್ಟಿಕ್ಕಿನ ತುಣುಕುಗಳೂ ಅದೇ ದಾರಿ ಹಿಡಿದವು. 1995ರಲ್ಲಿ ತಯಾರಕರ ಮೇಲಿನ ಮೊಕದ್ದಮೆ ನೂರು ಕೋಟಿ ಡಾಲರ್‌ಗೆ ಸಮೀಪದ ಒಪ್ಪಂದದಲ್ಲಿ ಮುಗಿಯಿತು. ಈ ಪೈಪು ಇನ್ನೂ ಇರುವ ಮನೆಗಳಲ್ಲಿ ಒಡೆದಷ್ಟನ್ನು ಮಾತ್ರ ಬದಲಿಸಿ ನೆಮ್ಮದಿಯಾಗಿರುವವರಿದ್ದಾರೆ. ಒಂದೇ ನೀರು ಕುಡಿದ ಉಳಿದ ಪೈಪು ಬೇರೆ ಸ್ಥಿತಿಯಲ್ಲಿರಲು ಕಾರಣವಿಲ್ಲ.

ತೇಪೆಯ ಅತ್ಯಂತ ಕ್ರೂರ ಉದಾಹರಣೆ ಸೀಸದ್ದು. ರೋಮನ್ನರು ಹಾಸಿದ ಸೀಸದ ಕೊಳವೆಗಳಿಂದಲೇ ಸೀಸ ಎಂಬರ್ಥದ ಲ್ಯಾಟಿನ್ನಿನ ‘ಪ್ಲಂಬಮ್’ ನಮ್ಮ ಪ್ಲಂಬರನವರೆಗೆ ಬಂದಿದೆ. ಸೀಸದೊಡನೆ ಕೆಲಸ ಮಾಡುವವರ ಬಿಳಿಚಿದ ಮೈಬಣ್ಣವನ್ನು ತೋರಿಸಿ ಮಣ್ಣಿನ ಕೊಳವೆಯೇ ವಾಸಿ ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದ. ಹಳೆಯ ಸೀಸದ ಪೈಪಿನ ಅರ್ಧ ಭಾಗ ಕತ್ತರಿಸಿ ತಾಮ್ರ ಜೋಡಿಸಿದರೆ ವಿಷ ಅರ್ಧವಾಗಬೇಕಲ್ಲವೇ? ಕತ್ತರಿಸಿದ ಅಲುಗಾಟಕ್ಕೆ ಸೀಸವನ್ನು ನೀರಿನಿಂದ ಮರೆಮಾಡಿದ್ದ ಒಳಪದರ ಉದುರಿ, ತಾಮ್ರದ ಜೊತೆ ಬ್ಯಾಟರಿಯೂ ಏರ್ಪಟ್ಟು, ನೀರಿನಲ್ಲಿ ಸೀಸ ಕೆಲವು ಕಾಲ ಮೊದಲಿಗಿಂತ ಹೆಚ್ಚಾಗಬಹುದು. ಆ ಒಳಪದರದ ಬೆಲೆ ಏನೆಂದು 2014ರಲ್ಲಿ ಅಮೆರಿಕದ ಫ್ಲಿಂಟ್ ನಗರ ಕಲಿಯಿತು. ನೀರಿನ ಮೂಲವನ್ನು ನದಿಗೆ ಬದಲಿಸಿ, ಸವೆತ ತಡೆಯುವ ಫಾಸ್ಫೇಟ್ ಹಾಕದೆ ಬಿಟ್ಟಾಗ ಪದರ ಕರಗಿತು. ಪೈಪು ಅದೇ, ನೀರು ಬದಲಾಗಿತ್ತು.

ಆದ್ದರಿಂದ ಬದಲಿಸುವುದಾದರೆ ಟ್ಯಾಂಕಿನಿಂದ ನಲ್ಲಿಯವರೆಗೆ ಇಡೀ ಸಾಲನ್ನೇ ಬದಲಿಸಬೇಕು. ಗೋಡೆಯಲ್ಲಿ ಹೂತಿರುವ ಹಳೆಯದನ್ನೆಲ್ಲ ಅಗೆದು ತೆಗೆಯಬೇಕೆಂದಿಲ್ಲ. ಸಂಪರ್ಕ ಕಡಿದು, ನೀರು ಬಸಿದು, ಅಲ್ಲೇ ಬಿಟ್ಟು ಹೊಸ ಪೈಪನ್ನು ಬೇರೆ ದಾರಿಯಲ್ಲಿ ಒಯ್ಯಬಹುದು. ಗೋಡೆಯ ಹೊರಗೆ ಕಾಣುವ ಪೈಪು ಅಂದಗೇಡಿ ಎನ್ನುವವರ ಜೊತೆ ನಾನು ಜಗಳವಾಡುವುದಿಲ್ಲ, ಸೋರಿದರೆ ಅದು ಸೋರಿದ ದಿನವೇ ಕಾಣುತ್ತದೆ ಎಂದಷ್ಟೇ ಹೇಳುತ್ತೇನೆ. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಹಾಕುವಾಗ ಹಚ್ಚುವ ದ್ರಾವಣವನ್ನು ಅಂಟು ಎನ್ನುತ್ತಾರೆ. ಅದು ಎರಡೂ ಮೈಗಳನ್ನು ಕರಗಿಸಿ ಒಂದು ಮಾಡುವ ಬೆಸುಗೆ. ಹಚ್ಚಿದ ಮೇಲೆ ಗಟ್ಟಿಯಾಗಲು ಬಿಡದೆ ನೀರು ಹರಿಸಿದರೆ ಬೆಸುಗೆ ಅರೆಬೆಂದಂತೆಯೇ ಉಳಿಯುತ್ತದೆ. ಹತ್ತು ಮೀಟರ್ ಸಿಪಿವಿಸಿ ಪೈಪು 40 ಡಿಗ್ರಿ ಬಿಸಿಯೇರಿದರೆ ಎರಡೂವರೆ ಸೆಂಟಿಮೀಟರ್ ಹಿಗ್ಗುತ್ತದೆ, ಕಬ್ಬಿಣ ಅರ್ಧ ಸೆಂಟಿಮೀಟರ್. ಎರಡು ತುದಿಗಳನ್ನೂ ಸಿಮೆಂಟಿನಲ್ಲಿ ಬಿಗಿದರೆ ಆ ಎರಡೂವರೆ ಸೆಂಟಿಮೀಟರ್ ಎಲ್ಲಿಗೆ ಹೋಗಬೇಕು?

ಗೋಡೆ ಮುಚ್ಚುವ ಮೊದಲು ಬಳಕೆಯ ಒತ್ತಡದ ಒಂದೂವರೆ ಪಟ್ಟು ಏರಿಸಿ, ಗೇಜಿನ ಮುಳ್ಳು ನಿಲ್ಲುತ್ತದೆಯೇ ಎಂದು ನೋಡಬೇಕು. ಪರೀಕ್ಷೆ ನೀರಿನಿಂದಲೇ ಆಗಲಿ, ಗಾಳಿಯಿಂದ ಬೇಡ. ನೀರು ಬಹುಮಟ್ಟಿಗೆ ಕುಗ್ಗದ ವಸ್ತು. ಜೋಡಣೆ ಬಿಟ್ಟರೆ ಒಮ್ಮೆ ಚಿಮ್ಮಿ ಒತ್ತಡ ಇಳಿದುಬಿಡುತ್ತದೆ. ಅದುಮಿದ ಗಾಳಿ ಎಳೆದ ಬಿಲ್ಲು, ಪ್ಲಾಸ್ಟಿಕ್ ತುಣುಕನ್ನು ಬಾಣದಂತೆ ಹಾರಿಸುತ್ತದೆ.

ಕೊನೆಗೆ, ಬಹುತೇಕರು ಮರೆಯುವ ಒಂದು ತಂತಿಯಿದೆ. ಎಷ್ಟೋ ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಅರ್ಥಿಂಗ್ ಅನ್ನು ನೆಲದೊಳಗೆ ಹೋಗುವ ಇದೇ ಕಬ್ಬಿಣದ ಪೈಪಿಗೆ ಬಿಗಿದಿರುತ್ತಾರೆ. ಆ ಪೈಪಿನ ನಡುವೆ ಒಂದು ಮೊಳ ಪ್ಲಾಸ್ಟಿಕ್ ಬಂದರೂ ಸಾಕು, ಮನೆಯ ಅರ್ಥಿಂಗ್ ಕಡಿದುಹೋಗುತ್ತದೆ. ದೀಪ ಉರಿಯುತ್ತದೆ, ಗೀಸರ್ ಕಾಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಸ್ನೇಹಿತರ ಮನೆಯಲ್ಲಿ ಆ ತಂತಿ ಸಿಕ್ಕಿದ್ದು ನೀರಿನ ಮೀಟರಿನ ಹಿಂದೆ, ಹಸಿರುಗಟ್ಟಿದ ಒಂದು ಕ್ಲಾಂಪಿನ ಕೆಳಗೆ. ಅದಕ್ಕೆ ಬೇರೆ ಅರ್ಥಿಂಗ್ ಕೊಡಲು ಎಲೆಕ್ಟ್ರಿಷಿಯನ್ ಬರುವವರೆಗೆ ಎರಡು ದಿನ ಪ್ಲಂಬರ್ ಗರಗಸ ಮುಟ್ಟಲಿಲ್ಲ.