ನಮ್ಮ ಕಡೆ ಕ್ಯಾನ್ಸರ್ ಹೆಚ್ಚಾಗಿದೆಯೇ? ಲೆಕ್ಕ ಇಟ್ಟವರು ಯಾರು?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಈಚೆಗೆ ಆಸುಪಾಸಿನ ನಾಲ್ಕೈದು ಮನೆಗಳಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿದೆ. ತೋಟಕ್ಕೆ ಹೊಡೆಯುವ ಔಷಧಿಯೇ ಕಾರಣ ಅಂತ ಎಲ್ಲರೂ ಹೇಳ್ತಾರೆ. ಮಲೆನಾಡಿನಲ್ಲಿ ನಿಜವಾಗಿಯೂ ಕ್ಯಾನ್ಸರ್ ಜಾಸ್ತಿ ಆಗಿದೆಯಾ? ಇದರ ಲೆಕ್ಕ ಯಾರ ಹತ್ತಿರ ಇದೆ?

ಉತ್ತರ: ಲೆಕ್ಕ ಇಡುವ ವ್ಯವಸ್ಥೆಗೆ ಕ್ಯಾನ್ಸರ್ ನೋಂದಣಿ ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಕಾರ್ಯಕ್ರಮದಡಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ 1982ರಿಂದ ಈ ಕೆಲಸ ನಡೆಯುತ್ತಿದೆ. ಮುಂಬೈಯಲ್ಲಿ ಅದಕ್ಕೂ ಮೊದಲೇ, 1963ರಲ್ಲಿ ಶುರುವಾಗಿತ್ತು.

ನೋಂದಣಿಯಲ್ಲಿ ಎರಡು ಬಗೆ. ಒಂದು ಆಸ್ಪತ್ರೆಯದು: ಅಲ್ಲಿಗೆ ಬಂದ ರೋಗಿಗಳು ಯಾರು, ಯಾವ ಹಂತದಲ್ಲಿ ಬಂದರು, ಏನು ಚಿಕಿತ್ಸೆ ಆಯಿತು ಎಂಬ ದಾಖಲೆ. ಚಿಕಿತ್ಸೆ ಸುಧಾರಿಸಲು ಅದು ಬೇಕೇ ಬೇಕು. ಆದರೆ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ನಿಮ್ಮ ಪ್ರಶ್ನೆಗೆ ಬೇಕಾದ್ದು ಎರಡನೆಯದು, ಜನಸಂಖ್ಯೆ ಆಧಾರಿತ ನೋಂದಣಿ. ಒಂದು ನಿರ್ದಿಷ್ಟ ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷದಿಂದ ವಾಸವಿರುವವರಲ್ಲಿ ಹೊಸದಾಗಿ ಯಾರಿಗೆ ಕ್ಯಾನ್ಸರ್ ಬಂತು ಎಂದು, ಅವರು ಎಲ್ಲೇ ಚಿಕಿತ್ಸೆ ಪಡೆಯಲಿ, ಹುಡುಕಿ ಬರೆದುಕೊಳ್ಳುವುದು. ಇದರ ಸಿಬ್ಬಂದಿ ಆಸ್ಪತ್ರೆ, ಪ್ರಯೋಗಾಲಯ, ಮರಣ ನೋಂದಣಿ ಕಚೇರಿಗಳನ್ನೆಲ್ಲ ಸುತ್ತುತ್ತಾರೆ. ಒಬ್ಬರೇ ರೋಗಿ ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಆಮೇಲೆ ಮಣಿಪಾಲ, ಕೊನೆಗೆ ಕಿದ್ವಾಯಿ ಅಂತ ಓಡಾಡಿದ್ದರೆ ಮೂರು ಕಡೆಯ ಕಡತ ಹೊಂದಿಸಿ ಒಂದೇ ಎಂದು ಎಣಿಸಬೇಕು. ಬಹಳ ತಾಳ್ಮೆಯ ಕೆಲಸ. ವರದಿ ಹೊರಬರಲು ವರ್ಷಗಳೇ ಹಿಡಿಯುವುದು ಇದಕ್ಕೇ. ಮಂಗ ಸತ್ತ ಸುದ್ದಿ ಬಂದ ಕೂಡಲೇ ಮಂಗನ ಕಾಯಿಲೆಗೆ ಎಚ್ಚರಿಕೆ ಕೊಡುವ ಹಾಗೆ ಇಲ್ಲಿ ಆಗುವುದಿಲ್ಲ.

ಹೀಗೆ ಎಣಿಸಿದಾಗ ಸಿಗುವ ಚಿತ್ರ ಊರಿಂದ ಊರಿಗೆ ಎಷ್ಟು ಬೇರೆ ನೋಡಿ. 2012–16ರ, ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿದ ಅಂಕಿಗಳ ಪ್ರಕಾರ ಮಿಜೋರಾಂನ ಐಜ್ವಾಲ್‌ನಲ್ಲಿ ಲಕ್ಷ ಗಂಡಸರಲ್ಲಿ ವರ್ಷಕ್ಕೆ ಸುಮಾರು 269 ಹೊಸ ಪ್ರಕರಣ. ಮಹಾರಾಷ್ಟ್ರದ ಉಸ್ಮಾನಾಬಾದ್–ಬೀಡ್‌ನಲ್ಲಿ ಸುಮಾರು 40. ಬೆಂಗಳೂರಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇಳಿಯುತ್ತಿದೆ, ಸ್ತನ ಕ್ಯಾನ್ಸರ್ ಏರುತ್ತಿದೆ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದೂ ದಶಕಗಳ ದಾಖಲೆ ಇರುವುದರಿಂದಲೇ. 2020ರ ರಾಷ್ಟ್ರೀಯ ವರದಿಯ ಹೊತ್ತಿಗೆ ಇಂಥ 28 ನೋಂದಣಿಗಳು ದೇಶದ ಹತ್ತರಲ್ಲಿ ಒಂದು ಪಾಲು ಜನರನ್ನಷ್ಟೇ ಒಳಗೊಂಡಿದ್ದವು. ಬೆಂಗಳೂರಿನ ಅಂಕಿಯನ್ನು ಆಗುಂಬೆಗೆ ಅನ್ವಯಿಸಲಾಗದು. ನಮ್ಮ ಹವೆ ಬೇರೆ, ಊಟ ಬೇರೆ, ದುಡಿಮೆ ಬೇರೆ. ಗುಡ್ಡಗಾಡಿನ ಜಿಲ್ಲೆಗಳಿಗೆ ಅವುಗಳದೇ ನೋಂದಣಿ ಬೇಕು ಎಂದು ನಾವು ಕೇಳಲೇಬೇಕು.

ಇನ್ನು ‘ಹೆಚ್ಚಾಗಿದೆ’ ಎಂಬ ಮಾತು. ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರಿಗೆ ಬರುವ ಕಾಯಿಲೆ. ನಮ್ಮ ಎಷ್ಟೋ ಊರುಗಳಲ್ಲಿ ಮಕ್ಕಳು ಬೆಂಗಳೂರು ಸೇರಿ, ಮನೆಯಲ್ಲಿ ಅಪ್ಪ ಅಮ್ಮ ಮಾತ್ರ ಉಳಿದಿದ್ದಾರೆ. ಅಂಥ ಊರಲ್ಲಿ ತಲೆ ಎಣಿಸಿದರೆ ಕಾಯಿಲೆ ಜಾಸ್ತಿಯೇ ಕಾಣುತ್ತದೆ. ಅದಕ್ಕೇ ನೋಂದಣಿಯವರು ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿದ ಮೇಲೆಯೇ ಒಂದು ಊರನ್ನು ಇನ್ನೊಂದಕ್ಕೆ ಹೋಲಿಸುತ್ತಾರೆ. ಜೊತೆಗೆ, ಒಂದು ಮನೆಯಲ್ಲಿ ಹೊಟ್ಟೆಯದು, ಮತ್ತೊಂದರಲ್ಲಿ ಸ್ತನದ್ದು, ಇನ್ನೊಂದರಲ್ಲಿ ಬಾಯಿಯದು ಆಗಿದ್ದರೆ ಅವು ಬೇರೆ ಬೇರೆ ಕಾಯಿಲೆಗಳು, ಕಾರಣಗಳೂ ಬೇರೆ.

ಔಷಧಿಯ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಕಳೆನಾಶಕ ಗ್ಲೈಫೋಸೇಟ್ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿತು. ಅದೇ ವಿಭಾಗ 2004ರಲ್ಲಿ, ತಂಬಾಕು ಇಲ್ಲದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ಖಚಿತವಾಗಿಯೇ ಹೇಳಿದೆ. ಅಡಿಕೆ ನಮ್ಮ ಅನ್ನ, ನಿಜ. ಹಾಗಂತ ಬಾಯಿಯ ಕ್ಯಾನ್ಸರ್ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟು ಔಷಧಿಯನ್ನಷ್ಟೇ ದೂರುವುದು ನ್ಯಾಯವಲ್ಲ. ನಿಮ್ಮೂರಲ್ಲಿ ಯಾವುದು ಕಾರಣ ಎಂದು ನೋಂದಣಿಯೊಂದೇ ಹೇಳಲಾರದು. ರೋಗ ಬಂದವರನ್ನೂ ಬಾರದವರನ್ನೂ ಹೋಲಿಸುವ ಅಧ್ಯಯನ ಬೇಕು. ಆ ಅಧ್ಯಯನಕ್ಕೆ ಯಾರನ್ನು ಮಾತಾಡಿಸಬೇಕು ಎಂಬ ಪಟ್ಟಿ ಸಿಗುವುದು ನೋಂದಣಿಯಿಂದ.

ನೋಂದಣಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಲೆಕ್ಕ ತಪ್ಪುವುದು ವಿಳಾಸದಲ್ಲಿ. ಹೊಸನಗರದ ತಾಯಿ ಬೆಂಗಳೂರಿನ ಮಗನ ಮನೆಯಲ್ಲಿದ್ದು ಚಿಕಿತ್ಸೆ ಪಡೆಯುತ್ತಾರೆ. ಆಸ್ಪತ್ರೆಯ ಫೈಲಿನಲ್ಲಿ ಮಗನ ವಿಳಾಸ. ಅವರು ಹೊಸನಗರದ ಲೆಕ್ಕದಿಂದ ಜಾರಿಹೋಗುವ ಅಪಾಯ ಅಲ್ಲಿಂದಲೇ ಶುರು. ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸದೆ ನಾಟಿ ಔಷಧಿಗೇ ನಿಂತವರು, ಮನೆಯಲ್ಲೇ ತೀರಿಕೊಂಡು ಮರಣ ದಾಖಲೆಯಲ್ಲಿ ‘ವಯೋಸಹಜ’ ಎಂದಷ್ಟೇ ಬರೆಸಿಕೊಂಡವರು ಎಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ. ಮದುವೆ ಸಂಬಂಧಕ್ಕೆ ತೊಡಕಾದೀತು ಎಂದು ಮುಚ್ಚಿಡುವ ಮನೆಗಳೂ ಇವೆ. ನೋಂದಣಿಯವರು ಹೆಸರು ಹೊರಗೆ ಬಿಡುವುದಿಲ್ಲ, ಆ ಹೆದರಿಕೆ ಬೇಡ.

ಹಾಗಾಗಿ ಆಸ್ಪತ್ರೆಯಲ್ಲಿ ಊರು, ತಾಲ್ಲೂಕು, ಅಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂಬುದನ್ನು ಸರಿಯಾಗಿ ಬರೆಸಿ. ಫೋನಿಗೆ ಮಗನ ನಂಬರ್ ಇರಲಿ, ವಿಳಾಸ ಮಾತ್ರ ಊರಿನದೇ ಇರಲಿ. ನಿಮ್ಮ ಆಸುಪಾಸಿನ ಮನೆಗಳಲ್ಲಿ ಒಂದೇ ಬಗೆಯ ಕ್ಯಾನ್ಸರ್ ಕಾಣುತ್ತಿದ್ದರೆ, ಅಥವಾ ಚಿಕ್ಕ ವಯಸ್ಸಿನವರಿಗೇ ಬರುತ್ತಿದ್ದರೆ, ಆ ಮನೆಯವರ ಒಪ್ಪಿಗೆ ಪಡೆದು ಯಾವ ಅಂಗದ್ದು, ಯಾವ ವರ್ಷ ಗೊತ್ತಾಯಿತು, ಆಗ ವಯಸ್ಸೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.